ಯೇಸು ಯಾರು ಅಂತ ನೀವು ಹೇಗೆ ತೀರ್ಮಾನ ಮಾಡಿಕೊಂಡಿರಿ? ಗಾಡ್‌ಮದರ್ ಆಗುವ ಮುಂಚೆ ಕೇಳುತ್ತಿದ್ದೇನೆ

ಷರಾ_ಬರೆಯುವವಳು

ತಂಗಿಗೆ ಹೆಣ್ಣು ಮಗು ಆಗಿದೆ. ಜ್ಞಾನಸ್ನಾನಕ್ಕೆ ನಾನೇ ಗಾಡ್‌ಮದರ್ ಆಗಬೇಕಂತೆ. ಖುಷಿಯಲ್ಲಿ ಹೂಂ ಅಂದುಬಿಟ್ಟೆ. ಆಮೇಲೆ ವಿಧಿಯಲ್ಲಿ ಏನೇನು ಹೇಳಬೇಕು ಅಂತ ಪುಸ್ತಕ ತೆಗೆದು ನೋಡಿದೆ. ಅಲ್ಲಿಂದ ಶುರುವಾಯಿತು ತಲೆನೋವು.

ಫಾದರ್ ಪ್ರಶ್ನೆ ಕೇಳುತ್ತಾರೆ, ಹೆತ್ತವರ ಜೊತೆ ನಾವೂ ಬಾಯಿಬಿಟ್ಟು ಉತ್ತರ ಕೊಡಬೇಕು. ಸೈತಾನನನ್ನು ತ್ಯಜಿಸುತ್ತೀರಾ? ಧಾರಾಳವಾಗಿ. ಮಗುವನ್ನು ಬೆಳೆಸಲು ಹೆತ್ತವರಿಗೆ ನೆರವಾಗುತ್ತೀರಾ? ಅದಕ್ಕೇನಂತೆ, ಸಂತೋಷವಾಗಿ. ಆಮೇಲೆ ಬರುತ್ತದೆ ನೋಡಿ ನಿಜವಾದದ್ದು. ದೇವರ ಏಕೈಕ ಪುತ್ರರು, ಕನ್ಯೆ ಮರಿಯಳಿಂದ ಹುಟ್ಟಿದವರು, ಸತ್ತು ಸಮಾಧಿಯಾಗಿ ಮತ್ತೆ ಎದ್ದವರು, ಪಿತನ ಬಲಗಡೆ ಕೂತಿರುವವರು ಆದ ಯೇಸುಕ್ರಿಸ್ತರಲ್ಲಿ ವಿಶ್ವಾಸವಿದೆಯೇ? ಎಲ್ಲ ಒಂದೇ ಉಸಿರಿನಲ್ಲಿ. ಉತ್ತರ ಒಂದೇ ಮಾತು.

ನಾನು ಆಡಿಟ್ ಕೆಲಸ ಮಾಡುವವಳು. ವೋಚರ್ ನೋಡದೆ ಸಹಿ ಹಾಕಿ ಅಭ್ಯಾಸವಿಲ್ಲ. ಒಂದು ಬಾಬ್ತು ತಾಳೆ ಆಗದಿದ್ದರೆ ಷರಾ ಬರೆದು ಸಹಿ ಹಾಕುತ್ತೇನೆ. ಇಲ್ಲಿ ಷರಾ ಬರೆಯೋಕೆ ಜಾಗವೇ ಇಲ್ಲ.

ಚಿಕ್ಕಂದಿನಿಂದ ವಿಶ್ವಾಸ ಪ್ರಮಾಣ ಬಾಯಿಪಾಠ. ಆದರೂ ಒಂದು ವಿಷಯ ಈಗಷ್ಟೇ ಕಣ್ಣಿಗೆ ಬಿತ್ತು. ಕನ್ಯಾಮರಿಯಮ್ಮನಿಂದ ಹುಟ್ಟಿದರು ಅಂತ ಹೇಳಿ, ಮರುಕ್ಷಣವೇ ರೋಮನ್ ಅಧಿಕಾರಿ ಪಿಲಾತನ ಕಾಲದಲ್ಲಿ ಪಾಡುಪಟ್ಟರು ಅಂತ ಹೋಗಿಬಿಡುತ್ತದೆ. ನಡುವೆ ಇರುವುದು ಬರೀ ಒಂದು ಅಲ್ಪವಿರಾಮ. ನನಗೆ ಇಷ್ಟವಾದ ಯೇಸು ಪೂರ್ತಿ ಆ ಅಲ್ಪವಿರಾಮದೊಳಗೇ ಇದ್ದಾರೆ! ಸಾಯುತ್ತಿರುವ ಮಗುವಿನ ಮನೆಗೆ ಅವಸರದಲ್ಲಿ ಹೊರಟವರು, ಗುಂಪಿನ ನಡುವೆ ನಿಂತು "ನನ್ನನ್ನು ಮುಟ್ಟಿದವರು ಯಾರು" ಅನ್ನುತ್ತಾರೆ. ಶಿಷ್ಯರು, ಇಷ್ಟು ಜನ ಮೈಮೇಲೆ ಬೀಳುತ್ತಿದ್ದಾರೆ, ಇದೇನು ಪ್ರಶ್ನೆ ಅನ್ನುತ್ತಾರೆ. ಮುಟ್ಟಿದವಳು ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ಇದ್ದದ್ದೆಲ್ಲ ವೈದ್ಯರಿಗೆ ಸುರಿದು, ಇನ್ನೂ ಹದಗೆಟ್ಟಿದ್ದ ಹೆಂಗಸು. ಅವಳಿಗಾಗಿ ಅಷ್ಟು ಹೊತ್ತು ನಿಂತರು. ಇನ್ನು ಮನೆಬಿಟ್ಟು ಹೋದ ಮಗನ ಕಥೆ. "ಕೂಲಿಯವನ ಹಾಗೆ ಇಟ್ಟುಕೋ" ಅಂತ ಹೇಳಬೇಕೆಂದು ಮಗ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿರುತ್ತಾನೆ. ಅಪ್ಪ ಆ ಮಾತು ಬರೋಕೇ ಬಿಡುವುದಿಲ್ಲ. ಇದನ್ನೆಲ್ಲ ಹೇಳಿದವರನ್ನು ನಾನು ಕಣ್ಣುಮುಚ್ಚಿ ಒಪ್ಪುತ್ತೇನೆ. ಅನುಮಾನ ಇರುವುದು ಅಲ್ಪವಿರಾಮದ ಆಚೆಈಚೆ: ಹುಟ್ಟಿದ ರೀತಿ, ಸತ್ತು ಎದ್ದದ್ದು.

ಗೆಳತಿಯೊಬ್ಬಳು "ಇರುವುದು ಮೂರೇ ದಾರಿ. ಆತ ಸುಳ್ಳ, ಇಲ್ಲ ಹುಚ್ಚ, ಇಲ್ಲ ದೇವರು. ಒಂದನ್ನು ಆರಿಸಿಕೋ" ಅಂದಳು. ಯಾಕೋ ಗಂಟಲಲ್ಲಿ ಇಳಿಯಲಿಲ್ಲ. ಮಿಕ್ಕವರದ್ದು ಎರಡೇ ಮಾತು: "ಸುಮ್ನೆ ನಂಬು" ಅಥವಾ "ಎಲ್ಲ ಕಟ್ಟುಕಥೆ". ಎರಡೂ ಉಪಯೋಗಕ್ಕೆ ಬರಲಿಲ್ಲ.

ನೀವು ಯಾವ ಕಡೆಯಾದರೂ ಇರಿ. ಅಲ್ಲಿಗೆ ಹೇಗೆ ಬಂದಿರಿ, ಯಾವುದನ್ನು ನೋಡಿ ಬಂದಿರಿ ಅಂತ ಹೇಳಿ. ಉಪದೇಶ ಬೇಡ, ಬೈಗುಳವೂ ಬೇಡ.

ಪುಟ_ತಿರುವಿ

ನಾನು ನಂಬಿಕೆ ಬಿಟ್ಟವನು. ಆದರೂ ಸುಲಭದ್ದನ್ನು ಮೊದಲು ಮುಗಿಸೋಣ. ಆ ಮನುಷ್ಯ ಇದ್ದದ್ದು ನಿಜ, ಶಿಲುಬೆಗೆ ಹಾಕಿದ್ದೂ ನಿಜ. "ಯೇಸು ಇರಲೇ ಇಲ್ಲ" ಅನ್ನುವ ನಮ್ಮ ಕಡೆಯ ಕೆಲವರ ಮಾತು ಕೇಳಿದರೆ ನನಗೇ ಮುಜುಗರ ಆಗುತ್ತದೆ.

ಕ್ರಿ.ಶ. 116ರ ಸುಮಾರಿಗೆ ರೋಮಿನ ಇತಿಹಾಸಕಾರ ಟ್ಯಾಸಿಟಸ್, ನೀರೋ ಕಾಲದ ಬೆಂಕಿ ಅನಾಹುತದ ಬಗ್ಗೆ ಬರೆಯುತ್ತಾ, ಚಕ್ರವರ್ತಿ ತಿಬೇರಿಯಸ್ ಆಳ್ವಿಕೆಯಲ್ಲಿ ಪಿಲಾತನು ಕ್ರಿಸ್ತನಿಗೆ ಮರಣದಂಡನೆ ಕೊಟ್ಟ ಅನ್ನುತ್ತಾನೆ. ಕ್ರೈಸ್ತರನ್ನು ಕಂಡರೆ ಅವನಿಗೆ ಅಸಹ್ಯ, ಅವರ ಪರವಾಗಿ ಕಥೆ ಕಟ್ಟುವವನಲ್ಲ. ಅದಕ್ಕೂ ಸುಮಾರು 20 ವರ್ಷ ಮುಂಚೆ ಯೆಹೂದಿ ಇತಿಹಾಸಕಾರ ಜೋಸೆಫಸ್, "ಕ್ರಿಸ್ತ ಎನಿಸಿಕೊಂಡ ಯೇಸುವಿನ ತಮ್ಮ" ಯಾಕೋಬನ ಸಾವಿನ ಬಗ್ಗೆ ಬರೆದಿದ್ದಾನೆ. ಯೇಸುವಿನ ಬಗ್ಗೆಯೇ ಇರುವ ಅವನ ಇನ್ನೊಂದು ಭಾಗಕ್ಕೆ ಆಮೇಲಿನ ಕ್ರೈಸ್ತ ನಕಲುಗಾರರು ಕೈಹಾಕಿದ್ದಾರೆ, ಹಾಗಾಗಿ ಅದನ್ನು ಎತ್ತುವುದಿಲ್ಲ. ಪಿಲಾತ ಅಧಿಕಾರದಲ್ಲಿದ್ದದ್ದು 26ರಿಂದ 36ರವರೆಗೆ. ಅವನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಸಮುದ್ರ ದಂಡೆಯ ಕೈಸರೇಯದಲ್ಲಿ ಸಿಕ್ಕಿತು.

ಮೂರು ದಾರಿಯ ವಾದಕ್ಕೆ ಬರುತ್ತೇನೆ. ಅದು ಕೇಳೋಕೆ ಚೆನ್ನಾಗಿದೆ, ಒಳಗೆ ಟೊಳ್ಳು. ನಾಲ್ಕನೆಯ ದಾರಿ ಇದೆಯಲ್ಲ: ಆ ದೊಡ್ಡ ದೊಡ್ಡ ಮಾತುಗಳು ಆತನ ಬಾಯಿಂದ ಬಂದದ್ದೇ ಅಲ್ಲದಿರಬಹುದು. "ನಾನೂ ತಂದೆಯೂ ಒಂದೇ" ಅನ್ನುವುದು ಯೋಹಾನನಲ್ಲಿ ಮಾತ್ರ ಇದೆ, ಯೇಸುವಿನ ಬದುಕು ಹೇಳುವ ನಾಲ್ಕು ಶುಭಸಂದೇಶಗಳಲ್ಲಿ (ಮತ್ತಾಯ, ಮಾರ್ಕ, ಲೂಕ, ಯೋಹಾನ) ಕೊನೆಗೆ ಬರೆದದ್ದು ಅದು. ಎಲ್ಲಕ್ಕಿಂತ ಹಳೆಯದಾದ ಮಾರ್ಕನಲ್ಲಿ, ಒಬ್ಬ "ಒಳ್ಳೆಯ ಗುರುವೇ" ಅಂದರೆ, "ನನ್ನನ್ನು ಯಾಕೆ ಒಳ್ಳೆಯವನು ಅನ್ನುತ್ತೀ? ದೇವರೊಬ್ಬನೇ ಒಳ್ಳೆಯವನು" ಅನ್ನುವ ಉತ್ತರ ಇದೆ. ನಾನು ದೇವರು ಅಂತ ಸಾರಿಕೊಂಡು ತಿರುಗುವವನ ಮಾತಾ ಇದು?

ಪುನರುತ್ಥಾನದ ವಿಷಯ. ಸಮಾಧಿಗೆ ಬಂದವರು ಮಾರ್ಕನಲ್ಲಿ ಮೂವರು ಹೆಂಗಸರು, ಮತ್ತಾಯನಲ್ಲಿ ಇಬ್ಬರು, ಲೂಕನಲ್ಲಿ ಇನ್ನೂ ಹಲವರು, ಯೋಹಾನನಲ್ಲಿ ಮಗ್ದಲದ ಮರಿಯ ಒಬ್ಬಳು. ಒಳಗೆ ಕಂಡದ್ದು ಒಂದು ಕಡೆ ಒಬ್ಬ ಯುವಕ, ಇನ್ನೊಂದು ಕಡೆ ಇಬ್ಬರು ದೂತರು. ನನಗೆ ಅದಕ್ಕಿಂತ ಜಾಸ್ತಿ ಕಾಡಿದ್ದು ಮಾರ್ಕನ ಕೊನೆ. ನಮಗೆ ಸಿಕ್ಕಿರುವ ಅತಿ ಹಳೆಯ ಎರಡು ಪೂರ್ಣ ಪ್ರತಿಗಳು, 4ನೇ ಶತಮಾನದವು, 16ನೇ ಅಧ್ಯಾಯದ 8ನೇ ವಚನಕ್ಕೆ ಮುಗಿದುಹೋಗುತ್ತವೆ. ಹೆಂಗಸರು ನಡುಗುತ್ತಾ ಓಡಿಹೋದರು, ಹೆದರಿದ್ದರಿಂದ ಯಾರಿಗೂ ಏನೂ ಹೇಳಲಿಲ್ಲ. ಅಷ್ಟೇ! ಎದ್ದು ಬಂದ ಯೇಸು ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಈಗ ಅಲ್ಲಿರುವ ಮುಂದಿನ 12 ವಚನ ಆಮೇಲೆ ಸೇರಿದವು.

ದೇವರ ರಾಜ್ಯ ಆ ತಲೆಮಾರಿನಲ್ಲೇ ಬಂದುಬಿಡುತ್ತದೆ ಅಂತ ನಂಬಿದ್ದ ಒಬ್ಬ ಗಲಿಲಾಯದ ಬೋಧಕ. ಅದು ಬರಲಿಲ್ಲ, ಆತನನ್ನೂ ಕೊಂದರು. ಪ್ರೀತಿಸಿದವರಿಗೆ ಬಿಟ್ಟುಕೊಡಲು ಆಗಲಿಲ್ಲ, ಆತ ಅವರಿಗೆ ಕಂಡ. ಸತ್ತ ನಂಟರು ಕಂಡರು ಅನ್ನುವವರು ಲೋಕದಲ್ಲಿ ಎಷ್ಟೋ ಜನ ಇದ್ದಾರೆ. ಇದು ನನ್ನ ತೀರ್ಮಾನ. ತಿರಸ್ಕಾರದಿಂದ ಹೇಳುತ್ತಿಲ್ಲ, ಲೂಕನನ್ನು ಈಗಲೂ ಓದುತ್ತೇನೆ. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಆ ಒಂದು ಮಾತು ಹೇಳುತ್ತಿರಲಿಲ್ಲ.

ಅರ್ಧದಲ್ಲಿ_ಬಿಟ್ಟವ

ಸೆಮಿನರಿಗೆ ಸೇರಿ ಅರ್ಧದಲ್ಲಿ ಬಿಟ್ಟು ಬಂದವನು ನಾನು, ಹೆಸರು ಅದಕ್ಕೇ. ಬಿಟ್ಟದ್ದು ಪಾದ್ರಿಯಾಗುವ ಆಸೆಯನ್ನು, ಯೇಸುವನ್ನಲ್ಲ. ಈಗ ಮೊಮ್ಮಕ್ಕಳಿದ್ದಾರೆ.

ತಂಗೀ, ನಿಮ್ಮ ಅಲ್ಪವಿರಾಮದ ಮಾತು ಚೆನ್ನಾಗಿದೆ. ಆದರೆ ಆ ದಾರಿಯಲ್ಲಿ ನಿಮಗಿಂತ ಮುಂಚೆ ಹೋದವರಿದ್ದಾರೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಬ್ಲೇಡು ಹಿಡಿದು ಶುಭಸಂದೇಶಗಳನ್ನು ಕತ್ತರಿಸಿದರು. ನಿಜವಾಗಿ ಕತ್ತರಿಸಿದರು, ಮಾತಿಗಲ್ಲ! ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಪ್ರತಿಗಳಿಂದ ಬೇಕಾದ್ದನ್ನು ಕತ್ತರಿಸಿ ನಾಲ್ಕು ಸಾಲಾಗಿ ಅಂಟಿಸಿ, 1820ರಲ್ಲಿ ಮುಗಿಸಿದರು. ಪವಾಡ ಇಲ್ಲ. ಕೊನೆಯಲ್ಲಿ ಸಮಾಧಿ ಬಾಗಿಲಿಗೆ ಕಲ್ಲು ಉರುಳಿಸಿ ಎಲ್ಲರೂ ಹೊರಟುಹೋಗುತ್ತಾರೆ, ಮುಗಿಯಿತು. ಅದೇ 1820ರಲ್ಲಿ ರಾಜಾ ರಾಮಮೋಹನ ರಾಯರೂ ಯೇಸುವಿನ ಬೋಧನೆಯನ್ನಷ್ಟೇ ಆರಿಸಿ ಪ್ರಕಟಿಸಿದರು. ಸೆರಾಂಪುರದ ಮಿಷನರಿಗಳು ಅವರ ಮೇಲೆ ಮುಗಿಬಿದ್ದರು.

ಇಬ್ಬರೂ ದೊಡ್ಡವರೇ. ಆದರೆ ಮೊದಲು ಒಬ್ಬ ಒಳ್ಳೆಯ ಗುರು ಇದ್ದ, ಆಮೇಲೆ ಬಂದವರು ದೇವರ ವೇಷ ಹಾಕಿದರು ಅನ್ನುವ ಲೆಕ್ಕ ಇದೆಯಲ್ಲ, ಅದಕ್ಕೆ ಕಾಗದಪತ್ರ ಬೆಂಬಲ ಕೊಡುವುದಿಲ್ಲ. ನೀವೇ ವೋಚರ್ ಕೇಳಿದಿರಿ, ಅದಕ್ಕೆ ಹೇಳುತ್ತೇನೆ. ನಮ್ಮ ಕೈಯಲ್ಲಿರುವ ಅತಿ ಹಳೆಯ ಕ್ರೈಸ್ತ ಬರಹ ನಾಲ್ಕು ಶುಭಸಂದೇಶಗಳಲ್ಲ, ಯೇಸು ಸತ್ತ ಮೇಲೆ ಕ್ರೈಸ್ತನಾದ ಬೋಧಕ ಪೌಲನ ಪತ್ರಗಳು. ಅವು ಕ್ರಿ.ಶ. 50ರ ದಶಕದವು. ಮಾರ್ಕ ಬಂದದ್ದು 70ರ ಸುಮಾರಿಗೆ. ಆ ಪತ್ರಗಳಲ್ಲಿ ನಿಮ್ಮ ಅಲ್ಪವಿರಾಮದೊಳಗಿನದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮನೆಬಿಟ್ಟ ಮಗ ಇಲ್ಲ, ರಕ್ತಸ್ರಾವದ ಹೆಂಗಸು ಇಲ್ಲ. ಇರುವುದೆಲ್ಲ ಆಚೆಯದು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ತೆಗೆಯಿರಿ. ಸತ್ತರು, ಹೂಣಲಾಯಿತು, ಮೂರನೆಯ ದಿನ ಎದ್ದರು, ಕೇಫನಿಗೆ (ಅಂದರೆ ಶಿಷ್ಯ ಪೇತ್ರನಿಗೆ) ಕಂಡರು, ಹನ್ನೆರಡು ಮಂದಿಗೆ ಕಂಡರು, ಐನೂರಕ್ಕೂ ಹೆಚ್ಚು ಜನಕ್ಕೆ, ಯಾಕೋಬನಿಗೆ, ಕೊನೆಗೆ ನನಗೆ. ಇದು ತನ್ನ ಸ್ವಂತದ್ದಲ್ಲ, ತನಗೆ ಸಿಕ್ಕಿದ್ದನ್ನೇ ನಿಮಗೂ ದಾಟಿಸಿದೆ ಅನ್ನುತ್ತಾನೆ. ಅಂದರೆ ಅದು ಇನ್ನೂ ಹಳೆಯದು. 112ರ ಸುಮಾರಿಗೆ ರೋಮಿನ ಅಧಿಕಾರಿ ಪ್ಲಿನಿ, ಕ್ರೈಸ್ತರು ಬೆಳಗಾಗುವ ಮುಂಚೆ ಸೇರಿ ಕ್ರಿಸ್ತನಿಗೆ ದೇವರಿಗೆ ಹಾಡುವಂತೆ ಹಾಡುತ್ತಾರೆ ಅಂತ ಚಕ್ರವರ್ತಿಗೆ ವರದಿ ಮಾಡುತ್ತಾನೆ. 325ರಲ್ಲಿ ಬಿಷಪ್ಪರು ಸೇರಿದ ನಿಸೇಯ ಸಭೆಯಲ್ಲಿ ಓಟು ಹಾಕಿ ಯೇಸುವನ್ನು ದೇವರನ್ನಾಗಿ ಮಾಡಿದರು ಅಂತ ಯಾರಾದರೂ ಹೇಳಿದರೆ ಇದನ್ನು ತೋರಿಸಿ.

ಬೇಗ ನಂಬಿದರು ಅಂದಮಾತ್ರಕ್ಕೆ ಅದು ನಿಜ ಅಂತಲ್ಲ, ಅದು ಗೊತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪಟ್ಟಿಯಲ್ಲಿರುವ ಒಂದೇ ಹೆಸರು, ಯಾಕೋಬ. ಪೇತ್ರ, ಮರಿಯ ಎಲ್ಲ ಹಿಂದೆಮುಂದೆ ತಿರುಗಿದವರು. ದುಃಖದಲ್ಲಿ ಏನೋ ಕಂಡಿರಬಹುದು ಅನ್ನುವ ಪುಟ_ತಿರುವಿಯವರ ಮಾತು ಅವರಿಗೆ ಹೊಂದುತ್ತದೆ. ಯಾಕೋಬ ಹಾಗಲ್ಲ. ಇವನಿಗೆ ತಲೆ ಕೆಟ್ಟಿದೆ ಅಂತ ಮನೆಯವರು ಯೇಸುವನ್ನು ಎಳೆದುಕೊಂಡು ಹೋಗಲು ಬಂದರು ಅಂತ ಮಾರ್ಕ ಬರೆಯುತ್ತಾನೆ. ತಮ್ಮಂದಿರೂ ನಂಬಿರಲಿಲ್ಲ ಅಂತ ಯೋಹಾನ ಬರೆಯುತ್ತಾನೆ. ಅಂಥ ಮನೆಯವನು ಕೆಲವೇ ವರ್ಷದಲ್ಲಿ ಜೆರುಸಲೇಮಿನ ಕ್ರೈಸ್ತರ ಮುಖಂಡ. ಪೌಲ ಅವನನ್ನು ಖುದ್ದು ಭೇಟಿ ಮಾಡಿದ್ದಾನೆ. 62ರಲ್ಲಿ ಅವನನ್ನು ಕಲ್ಲು ಹೊಡೆಸಿ ಕೊಂದರು ಅಂತ ಹೇಳುವವನು ಅದೇ ಜೋಸೆಫಸ್, ಕ್ರೈಸ್ತನಲ್ಲದವನು. ಒಡಹುಟ್ಟಿದವರು ಇರುವ ಯಾರನ್ನಾದರೂ ಕೇಳಿ: ಜೊತೆಯಲ್ಲಿ ಉಂಡು, ಜಗಳವಾಡಿ ಬೆಳೆದ ಅಣ್ಣನನ್ನು ತಮ್ಮ ಪ್ರಭು ಅನ್ನಬೇಕಾದರೆ ಏನಾಗಿರಬೇಕು? ನನಗೆ ಈ ಯಾಕೋಬನನ್ನು ದಾಟಿ ಹೋಗೋಕೆ ಆಗಿಲ್ಲ. (ಕಥೋಲಿಕರು ಅವನನ್ನು ದಾಯಾದಿ ಅನ್ನುತ್ತಾರೆ, ಆ ಜಗಳ ಇಲ್ಲಿ ಬೇಡ. ದಾಯಾದಿಯಾದರೆ ಇನ್ನೂ ಕಷ್ಟ ಅಲ್ವಾ.)

ಹಾಗಾಗಿ ಎದ್ದರು ಅನ್ನುವ ಕಡೆಗೆ ನಾನು ವಾಲುತ್ತೇನೆ. ಸಾಬೀತು ಮಾಡು ಅಂದರೆ ಆಗುವುದಿಲ್ಲ. ಕನ್ಯೆಯಿಂದ ಹುಟ್ಟಿದ್ದರ ಬಗ್ಗೆ ಅಷ್ಟು ಗಟ್ಟಿಯಾಗಿ ಮಾತಾಡಲಾರೆ. ಅದನ್ನು ಹೇಳುವವರು ಮತ್ತಾಯ, ಲೂಕ ಇಬ್ಬರೇ. ಅವರಿಬ್ಬರ ವಂಶಾವಳಿಯಲ್ಲಿ ಜೋಸೆಫನ ಅಪ್ಪನ ಹೆಸರೇ ಬೇರೆ ಬೇರೆ.

ಇನ್ನು ಕೆಲಸದ ಮಾತು. 1983ರ ಚರ್ಚ್ ಕಾನೂನಿನ ಪ್ರಕಾರ ಗಾಡ್‌ಪೇರೆಂಟ್ ಒಬ್ಬರಿದ್ದರೂ ಸಾಕು. ನೀವು ಹಿಂದೆ ಸರಿದರೆ ಮಗುವಿನ ಜ್ಞಾನಸ್ನಾನ ನಿಲ್ಲುವುದಿಲ್ಲ, ಆ ಭಾರ ತಲೆಯಿಂದ ಇಳಿಸಿ. ಎರಡನೆಯದು, ವಾದಗಳನ್ನು ಬದಿಗಿಟ್ಟು ಮಾರ್ಕನನ್ನು ಒಂದೇ ಪಟ್ಟಿಗೆ ಕೂತು ಓದಿ. 16 ಅಧ್ಯಾಯ, ಒಂದು ಸಂಜೆ ಸಾಕು. ಅದರಲ್ಲಿ ಯೇಸುವನ್ನು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ದೆವ್ವಗಳು ಗುರುತಿಸುತ್ತವೆ, ಕೊನೆಗೆ ಶಿಲುಬೆಯ ಬುಡದಲ್ಲಿ ಒಬ್ಬ ರೋಮನ್ ಸೈನ್ಯಾಧಿಕಾರಿ. ನಡುವೆ "ನೀವು ನನ್ನನ್ನು ಯಾರು ಅನ್ನುತ್ತೀರಿ" ಅನ್ನುವ ಪ್ರಶ್ನೆ ಬಂದಾಗ ಪೇತ್ರ ಸರಿಯಾದ ಉತ್ತರ ಕೊಡುತ್ತಾನೆ. ನಾಲ್ಕು ಸಾಲು ಕಳೆಯುವುದರೊಳಗೆ "ತೊಲಗು ಸೈತಾನ" ಅನ್ನಿಸಿಕೊಳ್ಳುತ್ತಾನೆ. ಸರಿ ಉತ್ತರ ಹೇಳಿದವನಿಗೂ ತಾನು ಏನು ಹೇಳಿದೆ ಅಂತ ಗೊತ್ತಿರಲಿಲ್ಲ.

ನೂರ್_ಓದು

ನಾನು ಮುಸ್ಲಿಂ. ಯಾವ ಕಡೆಯವರಾದರೂ ಹೇಳಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಕನ್ಯೆಯಿಂದ ಹುಟ್ಟಿದ್ದು ನಿಮಗೆ ಕಷ್ಟ, ನನಗೆ ಅದು ಸಲೀಸು! ಕುರ್‌ಆನ್‌ನಲ್ಲಿ ಮರ್ಯಮ್ (ನಿಮ್ಮ ಮರಿಯ) ಹೆಸರಿನ ಅಧ್ಯಾಯವೇ ಇದೆ. ಈಸಾ (ಯೇಸು) ಅಲೈಹಿಸ್ಸಲಾಂ ನಮಗೆ ಮಸೀಹ, ದೊಡ್ಡ ಪ್ರವಾದಿ. ದೇವರ ಮಗ ಅಲ್ಲ. 4ನೇ ಅಧ್ಯಾಯದಲ್ಲಿ, ಅವರನ್ನು ಕೊಲ್ಲಲಿಲ್ಲ, ಶಿಲುಬೆಗೂ ಏರಿಸಲಿಲ್ಲ, ಹಾಗೆ ತೋರುವಂತೆ ಮಾಡಲಾಯಿತು ಅಂತಿದೆ.

ಇತಿಹಾಸಕಾರರು ಯೇಸುವಿನ ಬಗ್ಗೆ ಅತ್ಯಂತ ಗಟ್ಟಿ ಅನ್ನುವುದೇ ಶಿಲುಬೆಯ ಸಾವನ್ನು, ಅದೂ ನನಗೆ ಗೊತ್ತು. ಓದಿದ್ದೇನೆ. ನಾನು ನಂಬುವುದು ಆ ಪುಸ್ತಕಗಳನ್ನು ತೂಗಿ ನೋಡಿ ಅಲ್ಲ. ಹೇಳಿದವರ ಮೇಲಿನ ಭರವಸೆಯಿಂದ. ನೀವು ಎಲ್ಲ ಸಾಲಿಗೂ ವೋಚರ್ ಹುಡುಕುತ್ತಿದ್ದೀರಿ. ಯಾರ ಮಾತಿನ ಮೇಲೆ ನಿಮಗೆ ಭರವಸೆ ಇದೆ ಅಂತ ಮೊದಲು ಕೇಳಿಕೊಂಡರೆ ಮಿಕ್ಕದ್ದು ಬೇಗ ಬಗೆಹರಿಯಬಹುದು. ನನಗೆ ಹಾಗೇ ಆಯಿತು.

ಹಳೇ_ನರ್ಸ್

ಅರ್ಧದಲ್ಲಿ_ಬಿಟ್ಟವ ಅಣ್ಣನಷ್ಟು ಓದಿದವಳಲ್ಲ ನಾನು. ನಮ್ಮದು ಪ್ರೊಟೆಸ್ಟೆಂಟ್ ಮನೆ. ಕೆಲಸದಲ್ಲಿ ತುಂಬಾ ಜನರ ಕೊನೆಯ ರಾತ್ರಿ ನೋಡಿದ್ದೇನೆ. ಲೂಕನಲ್ಲಿ ಯೇಸು "ತಂದೆಯೇ, ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ" ಅಂತ ಸಮಾಧಾನವಾಗಿ ಪ್ರಾಣ ಬಿಡುತ್ತಾನೆ. ಹಾಗೆ ಹೋದವರನ್ನೂ ಕಂಡಿದ್ದೇನೆ, ಕಡಿಮೆ. ಜಾಸ್ತಿ ಜನ ಮಾರ್ಕನಲ್ಲಿ ಇದ್ದಂತೆ ಹೋಗುತ್ತಾರೆ, "ನನ್ನನ್ನು ಯಾಕೆ ಕೈಬಿಟ್ಟೆ" ಅಂತ ಕೂಗಿ. ಒಬ್ಬ ಅಜ್ಜ ನನ್ನ ಬೆರಳು ಬಿಡದೆ ಅದನ್ನೇ ಬೇರೆ ಮಾತಿನಲ್ಲಿ ಕೇಳುತ್ತಿದ್ದರು, "ನಾನು ಯಾರಿಗೆ ಏನು ಮಾಡಿದ್ದೆ ಸಿಸ್ಟರ್" ಅಂತ. ಆ ಕೂಗು ಕೂಗಿದ ದೇವರಾದರೆ ನಾನು ನಂಬಬಲ್ಲೆ, ಮೇಲೆ ಕೂತು ನೋಡುವವನಾದರೆ ಆಗುವುದಿಲ್ಲ. ನನ್ನ ತೀರ್ಮಾನ ಆದದ್ದು ಹಾಗೆ. "ನಿಮಗೆ ಬೇಕು ಅಂದಮಾತ್ರಕ್ಕೆ ನಿಜ ಆಗಲ್ಲ" ಅಂತ ಪುಟ_ತಿರುವಿ ಹೇಳುತ್ತಾರೆ. ಹೇಳಲಿ, ಅವರ ಮಾತೂ ಸರಿಯೇ.

ನಿಮ್ಮ ಪ್ರಶ್ನೆಗೆ ಒಂದು ವಚನ ಮಾತ್ರ ತೋರಿಸುತ್ತೇನೆ. ಮತ್ತಾಯ 28. ಎದ್ದು ಬಂದ ಯೇಸು ಬೆಟ್ಟದ ಮೇಲೆ ನಿಂತಿದ್ದಾನೆ. ಶಿಷ್ಯರು ಅಡ್ಡಬೀಳುತ್ತಾರೆ, "ಆದರೆ ಕೆಲವರು ಸಂದೇಹಪಟ್ಟರು" ಅಂತಿದೆ, 17ನೇ ವಚನ. ಕಣ್ಣೆದುರು ಇರುವಾಗಲೇ! ಆತನು ಸಂದೇಹ ಇರುವವರು ಆ ಕಡೆ ನಿಲ್ಲಿ ಅನ್ನಲಿಲ್ಲ. ಎರಡೇ ವಚನ ಮುಂದೆ, ಹೋಗಿ ಎಲ್ಲ ಜನರಿಗೂ ದೀಕ್ಷಾಸ್ನಾನ ಮಾಡಿಸಿ ಅಂತ ಆ ಗುಂಪಿಗೇ ಹೇಳಿದನು. ಮಗುವಿನ ಪಕ್ಕ ನೀವು ನಿಲ್ಲಬಹುದು ಅಂತ ನನ್ನ ಅಭಿಪ್ರಾಯ.

ಷರಾ_ಬರೆಯುವವಳು

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ನಿರೀಕ್ಷೆ ಇರಲಿಲ್ಲ.

ಮಾರ್ಕನನ್ನು ಒಂದೇ ಪಟ್ಟಿಗೆ ಓದಿದೆ. ಪೂಜೆಯಲ್ಲಿ ತುಂಡು ತುಂಡಾಗಿ ಕೇಳುವಾಗ ಗೊತ್ತಾಗದ ಒಂದು ವಿಷಯ: ಯೇಸುವಿಗೆ ಪುರುಸೊತ್ತೇ ಇಲ್ಲ! ಊಟಕ್ಕೂ ಬಿಡುವಿಲ್ಲ ಅಂತ ಒಂದೆಡೆ ಬರೆದೇ ಇದೆ. ಇಂಥವರನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು ಯಾರು ಅಂತ ಕೇಳುವುದೇ ಒಂಥರಾ ಅನ್ನಿಸಿತು. ಆದರೂ ಕೇಳಬೇಕಲ್ಲ.

ನೂರ್ ಅವರೇ, ನಿಮ್ಮ ಮಾತು ಚುಚ್ಚಿತು, ಯೋಚಿಸುತ್ತಿದ್ದೇನೆ. ಭರವಸೆ ಯಾರ ಮೇಲೆ ಅಂದರೆ ಯೇಸುವಿನ ಮೇಲೆ ಇದೆ. ಅವರ ಬಗ್ಗೆ ಬರೆದವರ ಮೇಲೆ ಎಷ್ಟು ಅನ್ನುವುದೇ ಕಷ್ಟ.

ಸದ್ಯಕ್ಕೆ ನಾನು ಇರುವುದು ಇಲ್ಲಿ. ಶಿಲುಬೆ ಖಂಡಿತ. ಪುನರುತ್ಥಾನಕ್ಕೆ ಇಲ್ಲ ಅನ್ನುವ ಧೈರ್ಯ ಹೋಗಿದೆ, ಹೌದು ಅನ್ನುವುದು ಇನ್ನೂ ಬಂದಿಲ್ಲ. ಕನ್ಯೆಯ ವಿಷಯ ಗೊತ್ತಿಲ್ಲ. ತಂಗಿಗೆ ಇದನ್ನೆಲ್ಲ ಹೇಳಿದರೆ "ಅಯ್ಯೋ, ಇದನ್ನೂ ಆಡಿಟ್ ಮಾಡ್ತೀಯಾ" ಅಂತ ರೇಗಿದಳು. ಫಾದರ್ ಹತ್ತಿರ ಹೋಗಿ ಇದೇ ಮೂರು ಸಾಲು ಹೇಳುತ್ತೇನೆ. ಅವರು ಸರಿ ಅಂದರೆ ನಿಂತು ಉತ್ತರ ಕೊಡುತ್ತೇನೆ. ಬೇಡ ಅಂದರೆ ತಂಗಿಯ ನಾದಿನಿ ನಿಲ್ಲುತ್ತಾಳೆ, ಮಗು ನನ್ನದೂ ಹೌದು ಅನ್ನುವುದೇನೂ ಬದಲಾಗುವುದಿಲ್ಲ.

ಅಣ್ಣಾ, ಒಂದು ಬಾಬ್ತು ತಾಳೆ ಆಗುತ್ತಿಲ್ಲ. ನಾಲ್ಕೂ ಶುಭಸಂದೇಶಗಳಲ್ಲಿ ಸಮಾಧಿಗೆ ಮೊದಲು ಹೋದವರು ಹೆಂಗಸರು. ಪೌಲನ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಯಾಕೆ?

ಅರ್ಧದಲ್ಲಿ_ಬಿಟ್ಟವ

ಸರಿಯಾದ ಕಡೆ ಬೆರಳಿಟ್ಟಿರಿ. ಎರಡು ಉತ್ತರ ಇವೆ. ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಇರಲಿಲ್ಲ, ಅದನ್ನು ಒಪ್ಪಬಾರದು ಅಂತ ಜೋಸೆಫಸ್ಸೇ ಬರೆದಿದ್ದಾನೆ. ಹಾಗಾಗಿ ಊರೂರಿಗೆ ಹೇಳಲು ಮಾಡಿದ ಪಟ್ಟಿಯಿಂದ ಅವರ ಹೆಸರು ಬಿಟ್ಟರು. ಹಾಗಾದರೆ ಕಥೆ ಕಟ್ಟುವವನು ಮೊದಲ ಸಾಕ್ಷಿಯಾಗಿ ಹೆಂಗಸರನ್ನು ಯಾಕೆ ಇಡುತ್ತಾನೆ, ಅದು ನಡೆದದ್ದೇ ಇರಬೇಕು ಅನ್ನುವುದು ಇದರ ಮುಂದಿನ ಮಾತು. ಇನ್ನೊಂದು ಉತ್ತರ: ಪಟ್ಟಿ ಹುಟ್ಟಿದಾಗ ಖಾಲಿ ಸಮಾಧಿಯ ಕಥೆಯೇ ಇರಲಿಲ್ಲ. ನನಗೆ ಮೊದಲನೆಯದು ಹೊಂದುತ್ತದೆ.

ಪುಟ_ತಿರುವಿ

ಎರಡನೆಯದು.